ರಿಸಲ್ಟ್ ಕಡಿಮಿ, ಹುಡುಗ್ರು ಕಡಿಮಿ ಅಂತ ಸಾಲಿ ಮುಚ್ಚಿದ್ರ ಏನೇನಾಗತೈತಿ? ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಸಿಂಧನೂರು ಕಡೆ ಸರ್ಕಾರಿ ಹೈಸ್ಕೂಲಿನಾಗ ಗಣಿತ ಕಲಸ್ತೀನಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಒಮ್ಮೆ, ಜೂನ್‌ದಾಗ ದಾಖಲಾತಿ ಟೈಮಿಗೆ ಒಮ್ಮೆ, ಪಾಲಕರು, ಎಸ್‌ಡಿಎಂಸಿಯವರು (ಸಾಲಿ ಅಭಿವೃದ್ಧಿ, ಮೇಲುಸ್ತುವಾರಿ ಸಮಿತಿಯವರು), ಹೊಸದಾಗಿ ನೌಕರಿಗೆ ಬಂದ ಮಾಸ್ತರು ಎಲ್ಲಾರು ಹೆಚ್ಚೂ ಕಡಿಮಿ ಇವೇ ಪ್ರಶ್ನೆ ಕೇಳ್ತಾರ. ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಹೇಳೋದರ ಬದಲಿ ಒಂದೇ ಕಡೆ ಬರದಿಟ್ಟೀನಿ.

ರಿಸಲ್ಟ್ ಕಡಿಮಿ ಬಂತು ಅಂತ ಸರ್ಕಾರಿ ಸಾಲಿ ಮುಚ್ತಾರೇನ್ರಿ?

ಬರೇ ರಿಸಲ್ಟ್ ನೋಡಿ ನೇರವಾಗಿ ಬೀಗ ಹಾಕೋದು ಸರ್ಕಾರಿ ಸಾಲಿ ವಿಷಯದಾಗ ಅಪರೂಪ. ಆದ್ರ ಸುತ್ತು ಹಾದಿ ಹಿಡದು ಅಲ್ಲಿಗೇ ಹೋಗಿ ಮುಟ್ಟತೈತಿ. ಒಂದು ವರ್ಷ ರಿಸಲ್ಟ್ ಬಿತ್ತು ಅಂತ ಪೇಪರ್‌ನಾಗ ಬರತೈತಿ, ಊರಾಗ ನಾಕು ಮಂದಿ ಕೈಯಾಗ ರೊಕ್ಕ ಇದ್ದವರು ಮಕ್ಕಳನ್ನ ಬಿಡಿಸಿ ಹಳದಿ ಬಸ್ಸು ಬರೋ ಪ್ರೈವೇಟ್ ಸಾಲಿಗೆ ಹಾಕ್ತಾರ, ಮುಂದಿನ ವರ್ಷ ದಾಖಲಾತಿ ಇಳೀತೈತಿ, ದಾಖಲಾತಿ ಇಳದ್ರ ಒಬ್ಬ ಮಾಸ್ತರು ಹೆಚ್ಚುವರಿ ಅಂತ ಬ್ಯಾರೆ ಕಡೆ ಹೋಗ್ತಾರ, ಮಾಸ್ತರು ಹೋದ್ರ ಪಾಠ ಕೆಡತೈತಿ, ಪಾಠ ಕೆಟ್ರ ಉಳದ ಮಂದೀನೂ ಬಿಡಿಸ್ತಾರ. ಕಡೀಗೆ ಯಾರೋ ಬಂದು ಇಷ್ಟು ಕಡಿಮಿ ಹುಡುಗ್ರು ಅದಾವ, ಹತ್ತಿರದ ಸಾಲಿಗೆ ವಿಲೀನ ಮಾಡೋಣ ಅಂತಾರ. ಕಾಗದದ ಮ್ಯಾಲೆ ಕಾರಣ 'ಕಡಿಮೆ ದಾಖಲಾತಿ' ಅಂತ ಇರತೈತಿ, ಶುರು ಆಗಿದ್ದು ಮಾತ್ರ ರಿಸಲ್ಟಿನಿಂದ.

ಅನುದಾನಿತ ಸಾಲಿಗಳ ಮಾತು ಬ್ಯಾರೆ. ಅಲ್ಲಿ ಮಾಸ್ತರ ಪಗಾರ ಸರ್ಕಾರ ಕೊಡತೈತಿ, ಮಕ್ಕಳ ಸಂಖ್ಯೆ ಮತ್ತ ಫಲಿತಾಂಶ ಎರಡೂ ಆ ಅನುದಾನಕ್ಕ ಷರತ್ತು. ವರ್ಷಾನುಗಟ್ಟಲೆ ಫಲಿತಾಂಶ ಕೆಳಗಿದ್ರ ಅನುದಾನ ತಡೀತೀವಿ ಅಂತ ನೋಟಿಸ್ ಬರತೈತಿ, ಅನುದಾನ ನಿಂತ್ರ ಆಡಳಿತ ಮಂಡಳಿಯವರು ಸಾಲಿ ನಡಸೋದು ಕಷ್ಟ.

ಸಾಲಿ ಚಲೋನೋ ಕೆಟ್ಟದ್ದೋ ಅನ್ನೋ 'ಅಳತಿ' ಅಂದ್ರ ಏನೇನು ಅಳೀತಾರ?

ಹೈಸ್ಕೂಲಿಗೆ ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್. ಪ್ರೈಮರಿಗೆ ದಾಖಲಾತಿ, ಹಾಜರಾತಿ, ಓದು-ಬರಹ-ಲೆಕ್ಕ ಬರತೈತೋ ಇಲ್ಲೋ ಅನ್ನೋ ಸಮೀಕ್ಷೆ. ಇವೆಲ್ಲಾ ಮಕ್ಕಳ, ಸಾಲಿಗಳ ಲೆಕ್ಕ ಇಡೋ ಸರ್ಕಾರದ ಕಂಪ್ಯೂಟರ್ ದಾಖಲೆಗಳಾದ ಸ್ಯಾಟ್ಸ್‌ನಾಗ, ಯು-ಡೈಸ್‌ನಾಗ ಅಂಕಿಯಾಗಿ ಏರ್ತಾವ. ರಾಯಚೂರು ಜಿಲ್ಲೆ 2018ರಿಂದ ನೀತಿ ಆಯೋಗದ ಮಹತ್ವಾಕಾಂಕ್ಷೆ ಜಿಲ್ಲೆಗಳ (ಹಿಂದುಳದದ್ದಕ್ಕ ವಿಶೇಷ ಲಕ್ಷ್ಯ ಕೊಡೋ ಜಿಲ್ಲೆಗಳ) ಪಟ್ಟಿಯಾಗೈತಿ, ರಾಜ್ಯದಿಂದ ರಾಯಚೂರು, ಯಾದಗಿರಿ ಎರಡೇ, ಅದರ ರ‍್ಯಾಂಕಿಂಗ್‌ನಾಗ 30% ತೂಕ ಶಿಕ್ಷಣಕ್ಕೇ ಐತಿ. ಹಂಗಾಗಿ ಮ್ಯಾಲಿಂದ ಕೇಳೋರು ಡಿಡಿಪಿಐ (ಜಿಲ್ಲಾ ಶಿಕ್ಷಣ ಅಧಿಕಾರಿ) ಸಾಹೇಬರನ್ನ ಕೇಳ್ತಾರ, ಅವರು ಬಿಇಓನ (ತಾಲ್ಲೂಕಿನ ಶಿಕ್ಷಣ ಅಧಿಕಾರಿ), ಬಿಇಓ ಹೆಡ್ ಮಾಸ್ತರನ್ನ, ಹೆಡ್ ಮಾಸ್ತರು ನಮ್ಮನ್ನ. ಈ ಸರಪಳಿಯಾಗ ಯಾರೂ ಕೇಳದ ಪ್ರಶ್ನೆ ಒಂದೈತಿ, ಈ ಸಾಲಿಗೆ ಕೊಡಬೇಕಾದ್ದು ನಾವು ಕೊಟ್ಟೀವೇನು ಅಂತ.

ನಮ್ಮ ಕಡೆ ಪರ್ಸೆಂಟೇಜ್ ಕಡಿಮಿ ಯಾಕ? ಮಾಸ್ತರು ಸರಿ ಕಲಸಂಗಿಲ್ಲ ಅಂತಾರಲ್ಲ?

ಸರಿ ಕಲಸದ ಮಾಸ್ತರು ಇಲ್ಲ ಅಂತ ನಾನು ಹೇಳಂಗಿಲ್ಲ, ಅದಾರ. ಆದ್ರ ಅವರು ಎಲ್ಲಾ ಜಿಲ್ಲಾದಾಗೂ ಅದಾರ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಹೆಚ್ಚಿಂದು ಏನು ಅಂದ್ರ ಕ್ಯಾಲೆಂಡರ್ ನೋಡ್ರಿ. ದೀಪಾವಳಿ ಆಗತಲೇ ಗುಳೆ ಶುರು. ಬೆಂಗಳೂರು, ಹೈದ್ರಾಬಾದ್, ಗೋವಾ, ಪುಣೆ, ಎಲ್ಲಿ ಕಟ್ಟಡ ಕೆಲಸ ಸಿಗತೈತಿ ಅಲ್ಲಿಗೆ ಮನಿ ಮಂದಿಯೆಲ್ಲಾ. ಊರಾಗ ಉಳದವರಿಗೆ ಹತ್ತಿ ಬಿಡಿಸೋದು, ಅದು ಮುಗಿಯೂದ್ರಾಗ ಮೆಣಸಿನಕಾಯಿ. ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸೋ ಸುಗ್ಗಿ ಬರೋದೇ ಜನವರಿಯಿಂದ ಮುಂದ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್‌ದಾಗ. ಮುಂಜಾನೆ ಟಂಟಂ ಬಂದು ಊರ ಬಾಗಿಲಿಗೆ ನಿಂತ್ರ ಅವ್ವನ ಜೋಡಿ ಮಗಳೂ ಹತ್ತತಾಳ, ದಿನಕ್ಕ ಕೂಲಿ ಬರತೈತಲ್ಲ.

ಫೆಬ್ರವರಿ ತಿಂಗಳ ಹಾಜರಿ ಪುಸ್ತಕ ತಗದ್ರ ಒಂದೊಂದು ಹೆಸರಿನ ಮುಂದ ಸಾಲು ಹಿಡದು 'ಗೈ' 'ಗೈ' 'ಗೈ'. ನಡುವ ಒಂದು ದಿನ ಬಂದ ಹುಡುಗಿ ಹಿಂದಿನ ಬೆಂಚಿನಾಗ ಕೈ ಎರಡೂ ಮುಂದ ಚಾಚಿಕೊಂಡು ಕುಂತಿರ್ತಾಳ, ಪೆನ್ನು ಹಿಡಿಯಂಗಿಲ್ಲ. ಯಾಕವ್ವ ಅಂದ್ರ 'ಕೈ ಉರೀತಾವ್ರಿ ಸರ, ನಿನ್ನೆ ಕಾಯಿ ಬಿಡಿಸೀನಿ' ಅಂತಾಳ. ಬೆವರು ಇಳದ್ರೂ ಕಣ್ಣಿಗೆ ಕೈ ಹಚ್ಚಂಗಿಲ್ಲ, ಸೆರಗಿನ ಹಂಗ ದುಪಟ್ಟಾದ ತುದಿಯಿಂದ ಒರಸಿಕೊಳ್ತಾಳ. ಆಕಿಗೆ ಅವತ್ತು ನಾನು ಪೈಥಾಗೊರಸ್ ಪ್ರಮೇಯ ಹೇಳಿಕೊಡಬೇಕು, ಮತ್ತ ಆಕಿ ಫೇಲಾದ್ರ ಅದು ಸಾಲಿ ಪರ್ಸೆಂಟೇಜ್‌ನಾಗ ಬರತೈತಿ.

ಇನ್ನ ಖಾಲಿ ಹುದ್ದೆ. ಗಣಿತ, ಇಂಗ್ಲಿಷ್, ವಿಜ್ಞಾನ ಮಾಸ್ತರು ಇಲ್ಲದ ಹೈಸ್ಕೂಲು ನಮ್ಮ ಕಡೆ ಹುಡುಕ್ಕೊಂಡು ಹೋಗಬೇಕಾಗಿಲ್ಲ, ಅತಿಥಿ ಶಿಕ್ಷಕರ ಮ್ಯಾಲೆ ನಡೀತಾವ, ಅವರ ನೇಮಕ ಸಾಲಿ ಶುರುವಾದ ಮ್ಯಾಲೆ ಆಗತೈತಿ, ಅಷ್ಟರಾಗ ಮೊದಲಿನ ಪಾಠಗಳು ಹೋದಂಗ. ಕಲ್ಯಾಣ ಕರ್ನಾಟಕಕ್ಕ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ಕಲಂ ಬಂದು 2013ರಿಂದ ಲೆಕ್ಕ ಹಾಕ್ರಿ, ನೌಕರಿಯಾಗ ಸ್ಥಳೀಯರಿಗೆ ಮೀಸಲಾತಿ ಬಂತು, ಅದು ಚಲೋನೇ ಆತು, ಆದ್ರ ನೇಮಕಾತಿ ಟೈಮಿಗೆ ಸರಿಯಾಗಿ ಆಗಲಿಲ್ಲ ಅಂದ್ರ ಮೀಸಲಾತಿ ಕಾಗದದಾಗೇ ಉಳೀತೈತಿ. ಭಾಷೆ ಇನ್ನೊಂದು. ಗಡಿಯಾಗ ತೆಲುಗು ಮನಿಮಾತು, ತಾಂಡಾದಾಗ ಲಂಬಾಣಿ, ಕ್ಯಾಂಪುಗಳಾಗ (ಕಾಲುವಿ ಬದಿ ವಲಸಿ ಬಂದ ರೈತರ ಊರುಗಳಾಗ) ಮತ್ತ ತೆಲುಗು, ಒಂದನೇತ್ತಾಗ ಕುಂತ ಕೂಸಿಗೆ ಪುಸ್ತಕದ ಕನ್ನಡ ಹೊಸದು.

2024ರಾಗ ಒಮ್ಮೆಲೆ ರಿಸಲ್ಟ್ ಬಿತ್ತಲ್ಲ, ಸಾಲಿ ಕೆಟ್ಟಿದ್ದು ಅಂತಲ್ಲೇನು?

ಇದನ್ನ ತಿಳಕೊಂಡ್ರ ಅರ್ಧ ವಿಷಯ ತಿಳಕೊಂಡಂಗ. 2023ರಾಗ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 83.89%. 2024ರಾಗ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಹಾಕಿದ್ರು, ಫಲಿತಾಂಶ 73.40% ಆತು, ಅದೂ ಗ್ರೇಸ್ ಮಾರ್ಕ್ಸನ್ನ 10% ಇದ್ದದ್ದು 20% ಮಾಡಿ ಕೊಟ್ಟ ಮ್ಯಾಲೆ. ಒಂದೇ ವರ್ಷದಾಗ ಮಾಸ್ತರೂ ಅವರೇ, ಹುಡುಗ್ರೂ ಅದೇ ಊರವರು, ಪುಸ್ತಕಾನೂ ಅದೇ. ಬದಲಾಗಿದ್ದು ಅಳಿಯೋ ರೀತಿ. ಮುಂದ 2025-26ಕ್ಕ ಪಾಸಾಗೋ ಅಂಕ 35ರಿಂದ 33%ಕ್ಕ ಇಳಿಸಿದ್ರು, ಅಂದ್ರ ಮತ್ತೊಮ್ಮೆ ಅಳತಿ ಬದಲು. ಕ್ಯಾಮೆರಾ ಹಾಕಿದ್ದು ತಪ್ಪು ಅಂತ ನಾನು ಒಟ್ಟ ಹೇಳಂಗಿಲ್ಲ, ಕಾಪಿ ನಿಲ್ಲಲೇಬೇಕು. ಆದ್ರ ವರ್ಷದಿಂದ ವರ್ಷಕ್ಕ ಹಿಂಗ ಏರಿಳಿಯೋ ಅಂಕಿ ಹಿಡಕೊಂಡು ಒಂದು ಸಾಲಿ ಭವಿಷ್ಯ ಬರೀಬಾರದು.

ಸಣ್ಣ ಸಾಲಿಗಂತೂ ಇದು ಇನ್ನೂ ಮೋಸ. ಹತ್ತನೇತ್ತಾಗ ಹತ್ತು ಹುಡುಗ್ರು ಇದ್ರ, ಇಬ್ಬರು ಗುಳೆ ಹೋಗಿ ಪರೀಕ್ಷೆಗೆ ತಯಾರಾಗಲಿಲ್ಲ ಅಂದ್ರ 20% ಹೋತು. ದೊಡ್ಡ ಸಾಲ್ಯಾಗ ಅದೇ ಇಬ್ಬರು ಲೆಕ್ಕಕ್ಕೇ ಸಿಗಂಗಿಲ್ಲ.

ವಿಲೀನ ಆದ್ರ ಮಕ್ಕಳಿಗೆ ಖರೇನ ಏನು ತೊಂದ್ರಿ? ಬಸ್ ಐತಿ, ಸೈಕಲ್ ಐತಿ.

ಊರು ಊರಿಗೆ ಬ್ಯಾರೆ. ರೋಡ್ ಬದಿ ಊರಾದ್ರ ಅಂಥಾ ತೊಂದ್ರಿ ಆಗಂಗಿಲ್ಲ. ಆದ್ರ ಸಣ್ಣ ಸಾಲಿಗಳು ಇರೋದು ಎಲ್ಲಿ ಅಂತ ನೋಡಿದ್ರ ದೇವದುರ್ಗ, ಲಿಂಗಸುಗೂರು ಕಡೆ ದೊಡ್ಡಿಗಳಾಗ, ಕುಷ್ಟಗಿ, ಯಲಬುರ್ಗಾ ಕಡೆ ತಾಂಡಾದಾಗ, ಸಿಂಧನೂರು ಗಂಗಾವತಿ ಕಾಲುವಿ ಬದಿ ಕ್ಯಾಂಪುಗಳಾಗ. ದೊಡ್ಡಿ ಅಂದ್ರ ಹೊಲದಾಗ ಹತ್ತಿಪ್ಪತ್ತು ಮನಿ. ಅಲ್ಲಿಂದ ಊರ ಸಾಲಿಗೆ ಬಸ್ ಇಲ್ಲ, ಕಾಲುದಾರಿ ಐತಿ, ನಡುವ ಹಳ್ಳ ಐತಿ. ಮಳಿಗಾಲದಾಗ ಹಳ್ಳ ಬಂದ್ರ ಸಾಲಿ ಇಲ್ಲ. ಆರು ವರ್ಷದ ಕೂಸನ್ನ ಒಂದನ್ನ ಕಳಸ್ತೀರೇನು ಹೇಳ್ರಿ.

ಹೆಣ್ಮಕ್ಕಳ ವಿಷಯ ಅಂಕಿಯಾಗ ಕಾಣಂಗಿಲ್ಲ, ಊರಾಗ ಇದ್ದವರಿಗೆ ಕಾಣತೈತಿ. ನಮ್ಮ ಹತ್ತಿರದ ಒಂದು ದೊಡ್ಡಿ ಸಾಲಿಗೆ ಹೋದಾಗ ಮೂರನೇತ್ತಿನ ಹುಡುಗಿ ತನ್ನ ತಮ್ಮನ್ನ ಕಂಕಳಾಗ ಎತ್ತಿಕೊಂಡೇ ಬಂದಿದ್ಲು, ಅಪ್ಪ ಅವ್ವ ಕೂಲಿಗೆ ಹೋಗಿದ್ರು. ಟೀಚರಮ್ಮ ಆ ಕೂಸಿಗೆ ಗ್ವಾಡಿ ಬದಿ ತಾಟು ಚಮಚಾ ಕೊಟ್ಟು ಕುಂದ್ರಿಸಿದ್ರು, ಈಕಿ ನಲಿಕಲಿ ಕಾರ್ಡ್ ತಗೊಂಡು ಓದತಿದ್ಲು, ಕೂಸು ಅತ್ರ ಎದ್ದು ಹೋಗಿ ಎತ್ತಿಕೊಂಡು ಮತ್ತ ಬಂದು ಕುಂದರ್ತಿದ್ಲು. ಸಾಲಿ ಮನಿ ಮುಂದ ಇದ್ದದ್ದಕ್ಕ ಆಕಿ ಓದಾಕ್ಹತ್ಯಾಳ. ಅದೇ ಸಾಲಿ ಮೂರು ಕಿಲೋಮೀಟರ್ ಆಚೆ ಹೋದ್ರ ತಮ್ಮನ್ನ ಎತ್ತಿಕೊಂಡು ನಡಿಯಂಗಿಲ್ಲ, ಆಕಿ ಮನಿಯಾಗ ಉಳೀತಾಳ. ರಿಜಿಸ್ಟರ್‌ನಾಗ ಹೆಸರು ಹೊಸ ಸಾಲಿಗೆ ಹೋಗಿರತೈತಿ, ಹುಡುಗಿ ಹೋಗಿರಂಗಿಲ್ಲ. ನಾಕು ವರ್ಷ ಕಳದ ಮ್ಯಾಲೆ ಬಾಲ್ಯವಿವಾಹ ಆತು ಅಂತ ಸುದ್ದಿ ಬಂದಾಗ ಅದಕ್ಕೂ ಸಾಲಿ ಮುಚ್ಚಿದ್ದಕ್ಕೂ ಸಂಬಂಧ ಐತಿ ಅಂತ ಯಾರೂ ಬರಿಯಂಗಿಲ್ಲ.

ಶಕ್ತಿ ಯೋಜನೆ 2023ರಾಗ ಬಂದ ಮ್ಯಾಲೆ ಹುಡುಗೇರಿಗೆ ಬಸ್ ಫ್ರೀ, ಗಂಡು ಹುಡುಗ್ರಿಗೆ ಪಾಸ್ ಐತಿ, ಅದು ಹೈಸ್ಕೂಲ್ ಹುಡುಗ್ರಿಗೆ ಖರೇನ ಅನುಕೂಲ ಆಗೈತಿ. ಆದ್ರ ಬಸ್ಸು ಬರೋ ಊರಿಗೆ ಮಾತ್ರ.

ಬಿಸಿಯೂಟ ಹೊಸ ಸಾಲ್ಯಾಗೂ ಸಿಗತೈತಲ್ಲ?

ಸಿಗತೈತಿ, ಸಾಲಿಗೆ ಹೋದ್ರ. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ದಿನದ ಮೊದಲ ಊಟ ಅದೇ. ಸಾಲಿ ಬಿಟ್ರ ಊಟಾನೂ ಬಿಟ್ಟಂಗ.

ಕೆಟ್ಟ ಸಾಲಿ ಮುಚ್ಚಿ ಚಲೋ ಸಾಲಿಗೆ ಕಳಿಸಿದ್ರ ಮಕ್ಕಳಿಗೇ ಒಳ್ಳೇದಲ್ಲೇನ್ರಿ?

ಪ್ರಶ್ನೆ ನ್ಯಾಯವಾಗೈತಿ, ಉತ್ತರಾನೂ ನ್ಯಾಯವಾಗೇ ಕೊಡಬೇಕು. ಚಲೋ ಸಾಲಿಗೆ ಖರೇನ ಹೋದ್ರ ಒಳ್ಳೇದು. ಹೋಗ್ತಾರೋ ಇಲ್ಲೋ ಅನ್ನೋದರಾಗೇ ಎಲ್ಲಾ ಐತಿ.

ಈ ಪ್ರಯೋಗ ದೊಡ್ಡ ಮಟ್ಟಕ್ಕ ಮಾಡಿದವರು ಅಮೆರಿಕಾದವರು. 2002ರ ಜನವರಿಯಾಗ ಅಲ್ಲಿ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಅಂತ ಕಾನೂನು ಬಂತು, 2014ರೊಳಗ ಎಲ್ಲಾ ಮಕ್ಕಳೂ ಓದು ಮತ್ತ ಗಣಿತದಾಗ ನಿಗದಿ ಮಟ್ಟ ಮುಟ್ಟಬೇಕು, ವರ್ಷ ವರ್ಷ ಗುರಿ ತಪ್ಪಿದ ಸಾಲಿಗೆ ಒಂದರ ಮ್ಯಾಲೆ ಒಂದು ಶಿಕ್ಷೆ, ಕಡೀಗೆ ಸಾಲಿಯ ಪೂರ್ತಿ ಪುನರ್‌ರಚನೆ ಅಂತ. ಆ ಗುರಿ ಮುಟ್ಟಲಿಲ್ಲ, 2015ರ ಡಿಸೆಂಬರ್‌ನಾಗ ಆ ಕಾನೂನು ತಗದು ಬ್ಯಾರೆದು ತಂದ್ರು. ಚಿಕಾಗೋ ಊರಾಗ 2001ರಿಂದ 2006ರ ನಡುವ ಮುಚ್ಚಿದ 18 ಪ್ರಾಥಮಿಕ ಸಾಲಿಗಳ ಮಕ್ಕಳು ಏನಾದ್ರು ಅಂತ ಚಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2009ರಾಗ ವರದಿ ಕೊಟ್ರು. ಅದರಾಗ ನನಗ ಭಾಳ ಹೊಳದದ್ದು ಎರಡು. ಒಂದು, ಮಕ್ಕಳ ಕಲಿಕೆ ಪೆಟ್ಟು ತಿಂದದ್ದು ಸಾಲಿ ಮುಚ್ಚಿದ ಮ್ಯಾಲೆ ಅಲ್ಲ, ಮುಚ್ತೀವಿ ಅಂತ ಘೋಷಣೆ ಮಾಡಿದ ವರ್ಷಾನೇ. ಎರಡು, ಹಂಗ ಹೊರಗ ಬಂದ ಮಕ್ಕಳಾಗ ಬರೇ 6% ಮಾತ್ರ ಖರೇನ ಚಲೋ ಸಾಲಿಗೆ ಸೇರಿದ್ರು, ಭಾಳಷ್ಟು ಮಕ್ಕಳು ಒಂದು ಕೆಳಮಟ್ಟದ ಸಾಲಿ ಬಿಟ್ಟು ಇನ್ನೊಂದು ಕೆಳಮಟ್ಟದ ಸಾಲಿಗೇ ಹೋದ್ರು. ಆ 6% ಮಕ್ಕಳಿಗೆ ಲಾಭ ಆತು, ಉಳದವರಿಗೆ ಏನೂ ಹೆಚ್ಚಾಗಲಿಲ್ಲ.

2017ರಾಗ ಸ್ಟ್ಯಾನ್‌ಫರ್ಡ್‌ನ ಕ್ರೆಡೋ ಅನ್ನೋ ಸಂಸ್ಥೆ 26 ರಾಜ್ಯಗಳ ಲೆಕ್ಕ ತಗದು ಇದನ್ನೇ ಹೇಳ್ತು, ಮುಚ್ಚಿದ ಸಾಲಿ ಮಕ್ಕಳಾಗ ಅರ್ಧಕ್ಕಿಂತ ಕಡಿಮಿ ಮಂದಿ ಮೊದಲಿಗಿಂತ ಚಲೋ ಸಾಲಿ ಸೇರಿದ್ರು, ಸೇರಿದವರು ಮುಂದ ಬಂದ್ರು, ಸೇರದವರು ಹಿಂದ ಬಿದ್ರು. ಮುಚ್ಚೋ ಹೊತ್ತಿನಾಗ ಕರಿಯರು, ಬಡವರು ಹೆಚ್ಚಿರೋ ಸಾಲಿಗಳ ಮ್ಯಾಲೇ ಕೈ ಹೆಚ್ಚು ಬಿದ್ದೈತಿ ಅಂತಾನೂ ಅದರಾಗ ಬಂತು. ನಮ್ಮಲ್ಲಿ ತಾಂಡಾ, ದೊಡ್ಡಿ, ಕೇರಿ ಸಾಲಿ ಅಂದ್ರ ಯಾರ ಮಕ್ಕಳು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕ ಯಾರರ ವಿಲೀನದ ಮಾತು ತಗದ್ರ ನೀವು ಕೇಳಬೇಕಾದ ಪ್ರಶ್ನೆ ಮೂರು: ಈ ಹುಡುಗಿ ನಾಳೆ ಯಾವ ಸಾಲಿಗೆ ಹೋಗ್ತಾಳ, ಅದು ಇದಕ್ಕಿಂತ ಚಲೋ ಐತೇನು, ಆಕಿ ಅಲ್ಲಿಗೆ ದಿನಾ ಹೋಗಿ ಬರಾಕ ಆಗತೈತೇನು? ಈ ಮೂರಕ್ಕೂ ಹೆಸರು ಹಿಡದು, ಒಂದೊಂದು ಮಗುವಿನ ಲೆಕ್ಕದಾಗ ಉತ್ತರ ಇದ್ರ ನಾನೂ ವಿರೋಧ ಮಾಡಂಗಿಲ್ಲ.

ನಮ್ಮ ದೇಶದಾಗ ಬ್ಯಾರೆ ಕಡೆ ಹಿಂಗ ಆಗೈತೇನು?

ಆಗೈತಿ. ರಾಜಸ್ಥಾನದಾಗ 2014ರಾಗ ಸಾವಿರಾರು ಸಾಲಿ ವಿಲೀನ ಮಾಡಿದ್ರು. ನೀತಿ ಆಯೋಗ 2017ರಾಗ ಸಾಥ್-ಇ ಅಂತ ಶುರು ಮಾಡಿ ಜಾರ್ಖಂಡ್, ಒಡಿಶಾ, ಮಧ್ಯಪ್ರದೇಶದಾಗ ಸಣ್ಣ ಸಾಲಿ ಕೂಡಿಸೋ ಕೆಲಸಕ್ಕ ಕೈ ಹಾಕ್ತು. ಉತ್ತರ ಪ್ರದೇಶದಾಗ 2025ರ ಜೂನ್‌ದಾಗ 50ಕ್ಕಿಂತ ಕಡಿಮಿ ಮಕ್ಕಳಿರೋ ಸಾಲಿಗಳನ್ನ ಜೋಡಿಸೋ ಆದೇಶ ಬಂತು, ಪಾಲಕರು ಕೋರ್ಟಿಗೆ ಹೋದ್ರು, ಗಲಾಟೆ ಆದ ಮ್ಯಾಲೆ ಒಂದು ಕಿಲೋಮೀಟರ್‌ಗಿಂತ ದೂರ ಇದ್ರ ಜೋಡಿಸಂಗಿಲ್ಲ ಅಂತ ಸರ್ಕಾರಾನೇ ಹೇಳಬೇಕಾತು. ಜನ ಕೇಳಿದ್ರ ಬದಲಾಗತೈತಿ ಅನ್ನೋದಕ್ಕ ಇದನ್ನ ಹೇಳಿದೆ.

ಮಾಸ್ತರಿಗೆ ಏನಾಗತೈತಿ? ನೌಕರಿ ಹೋಗತೈತೇನು?

ಕಾಯಂ ಮಾಸ್ತರ ನೌಕರಿ ಹೋಗಂಗಿಲ್ಲ, ಹೆಚ್ಚುವರಿ ಅಂತ ತೋರಿಸಿ ಕೌನ್ಸೆಲಿಂಗ್‌ನಾಗ ಬ್ಯಾರೆ ಸಾಲಿ ಕೊಡ್ತಾರ. ಕೇಳಾಕ ಸಣ್ಣದು ಅನಸತೈತಿ. ಆದ್ರ ಆ ಊರಾಗ ಎಂಟ್ಹತ್ತು ವರ್ಷ ಇದ್ದು, ಯಾವ ಮನ್ಯಾಗ ಯಾರು ಗುಳೆ ಹೋಗ್ತಾರ, ಯಾರ ಅಜ್ಜಿ ಹತ್ರ ಹೇಳಿದ್ರ ಹುಡುಗ ಉಳೀತಾನ ಅಂತ ಗೊತ್ತಿರೋ ಟೀಚರಮ್ಮ ಹೋದ್ರ ಆ ತಿಳುವಳಿಕೆ ಯಾವ ಯು-ಡೈಸ್‌ನಾಗೂ ವರ್ಗಾವಣೆ ಆಗಂಗಿಲ್ಲ.

ಅತಿಥಿ ಶಿಕ್ಷಕರದು ಹಂಗಲ್ಲ. ಅವರದು ವರ್ಷದ ಲೆಕ್ಕ, ಕಾಯಂ ಮಾಸ್ತರು ಹೆಚ್ಚುವರಿಯಾಗಿ ಅಲ್ಲಿಗೆ ಬಂದ್ರ ಇವರು ಮನಿಗೆ. ಬಿ.ಇಡಿ ಮಾಡಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿ, ಗೌರವಧನ ತಿಂಗಳುಗಟ್ಟಲೆ ತಡ ಆದ್ರೂ ಪಾಠ ಬಿಡದ ಹುಡುಗ್ರು ಅದಾರ ನಮ್ಮ ಕಡೆ, ಬ್ಯಾಸಿಗ್ಯಾಗ ನರೇಗಾ ಕೆಲಸಕ್ಕ ಹೋಗಿ ಜೂನ್‌ದಾಗ ಮತ್ತ ಸಾಲಿಗೆ ಬರ್ತಾರ. ಇವರ ಬಗ್ಗೆ ಯಾರಾದ್ರೂ ಹಗುರವಾಗಿ ಮಾತಾಡಿದ್ರ ನನಗ ಭಾಳ ಸಂಕಟ ಆಗತೈತಿ.

ಅಡಿಗಿ ಅಕ್ಕಾರನ್ನೂ ಇಲ್ಲೇ ಹೇಳಬೇಕು. ನಿಯಮದ ಪ್ರಕಾರ 25 ಮಕ್ಕಳ ತನಕ ಒಬ್ಬರು, 26ರಿಂದ 100ರ ತನಕ ಇಬ್ಬರು. ಎರಡು ಸಣ್ಣ ಸಾಲಿ ಕೂಡಿ 60 ಮಕ್ಕಳಾದ್ರೂ ಇಬ್ಬರೇ, ಅಂದ್ರ ಕಡಿಮಿ ಅಂದ್ರೂ ಒಬ್ಬಾಕಿ ಹೊರಗ. ಹೆಚ್ಚಿನವರು ಗಂಡ ಇಲ್ಲದವರು, ಬಡವರು, ಅದೇ ಊರಿನವರು.

ಮುಚ್ಚೋದು ದೂರ ಇರಲಿ, ಬರೇ ನೋಟಿಸ್ ಬಂದ್ರ ಸಾಲಿಯೊಳಗ ಏನಾಗತೈತಿ?

ಇದನ್ನ ನಾನು ಒಳಗಿದ್ದು ನೋಡೀನಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ. ಫಲಿತಾಂಶ ಕಡಿಮಿ ಬಂದ್ರ ಹೆಡ್ ಮಾಸ್ತರಿಗೆ ಕಾರಣ ಕೇಳಿ ನೋಟಿಸ್, ವಿಷಯ ಶಿಕ್ಷಕರಿಗೂ ನೋಟಿಸ್, ವೇತನ ಬಡ್ತಿ ತಡೀತೀವಿ ಅನ್ನೋ ಮಾತು. ಅಲ್ಲಿಂದ ಮುಂದ ಪಾಠದ ಸ್ವರೂಪಾನೇ ಬದಲಾಗತೈತಿ. ಡಿಸೆಂಬರ್ ಮುಗಿಯೂದ್ರಾಗ ಪಾಸಿಂಗ್ ಪ್ಯಾಕೇಜ್ ಕೈಗೆ ಬರತೈತಿ, ಅದರಾಗ ಇಷ್ಟೇ ಪ್ರಶ್ನೆ, ಇಷ್ಟೇ ಉತ್ತರ, ಇದನ್ನ ಬಾಯಿಪಾಠ ಮಾಡಿದ್ರ ಪಾಸು. ಗಣಿತದಾಗ ರಚನೆ, ನಕ್ಷೆ, ಅಂಕ ಗ್ಯಾರಂಟಿ ಸಿಗೋ ಮೂರ್ನಾಕು ಲೆಕ್ಕ ತಿರುವಿ ತಿರುವಿ ಮಾಡಸ್ತೀವಿ. ಹುಡುಗ ಪಾಸಾಗ್ತಾನ, ಪಿಯುಸಿಗೆ ಹೋಗಿ ಮೊದಲ ವಾರದಾಗೇ ತಬ್ಬಿಬ್ಬಾಗ್ತಾನ, ಯಾಕಂದ್ರ ಅವನಿಗೆ ಗಣಿತ ಕಲಿಸಿಲ್ಲ, ಉತ್ತರ ಕಲಿಸೀವಿ. ಪಾಸಿಂಗ್ ಪ್ಯಾಕೇಜ್ ಬ್ಯಾಡವೇ ಬ್ಯಾಡ ಅನ್ನಂಗಿಲ್ಲ, ನಾಕು ತಿಂಗಳು ಹೊಲದಾಗಿದ್ದು ಬಂದ ಹುಡುಗಿಗೆ ಅದೇ ಆಸರ. ಆದ್ರ ಅದು ಎಲ್ಲಾರ ಪಾಠ ಆಗಿ ಕುಂತ್ರ ಚಲೋ ಓದೋ ಹುಡುಗ್ರಿಗೂ ಲುಕ್ಸಾನ.

ಇನ್ನೊಂದು ಕೆಟ್ಟ ಪರಿಣಾಮ ಐತಿ. ಒಂಬತ್ತನೇತ್ತಾಗೇ ಹಿಂದುಳದ ಹುಡುಗನ್ನ ನೋಡಿ 'ನೀನು ಖಾಸಗಿಯಾಗಿ ಕಟ್ಟು' ಅಂತ ಹೇಳಿ ಬಿಡಿಸೋ ಆಸೆ ಕೆಲವು ಕಡೆ ಹುಟ್ಟತೈತಿ, ಅವನು ಹೋದ್ರ ಪರ್ಸೆಂಟೇಜ್ ಏರತೈತಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ರಕ್ಷಣೆ 14 ವರ್ಷದ ತನಕ ಮಾತ್ರ ಇರೋದ್ರಿಂದ ಒಂಬತ್ತು, ಹತ್ತರ ಹುಡುಗ್ರಿಗೆ ಕಾನೂನಿನ ಆಸರ ಕಡಿಮಿ. ನಿಮ್ಮ ಮಗನಿಗೆ ಹಿಂಗ ಯಾರಾದ್ರೂ ಹೇಳಿದ್ರ ಒಪ್ಪಬ್ಯಾಡ್ರಿ. ಹಾಜರಾತಿ ಇದ್ರ ರೆಗ್ಯುಲರ್ ಆಗಿ ಕುಂದ್ರೋ ಹಕ್ಕು ಅವನಿಗೈತಿ, ಈಗ ವರ್ಷಕ್ಕ ಒಂದಕ್ಕಿಂತ ಹೆಚ್ಚು ಪರೀಕ್ಷೆ ಅದಾವ, ಒಂದರಾಗ ಹೋದ್ರ ಮುಂದಿನದರಾಗ ಕಟ್ಟಬಹುದು.

ಏಳು ಹುಡುಗ್ರಿಗೆ ಒಬ್ಬ ಮಾಸ್ತರು ಅಂದ್ರ ರೊಕ್ಕ ದಂಡ ಅಲ್ಲೇನು?

ಏಕೋಪಾಧ್ಯಾಯ ಸಾಲಿ ಚಲೋ ಅಂತ ನಾನು ವಾದ ಮಾಡಂಗಿಲ್ಲ. ಒಬ್ಬರೇ ಐದು ತರಗತಿ ನೋಡಿ, ಬಿಸಿಯೂಟದ ಲೆಕ್ಕ ಬರದು, ಮೀಟಿಂಗಿಗೆ ಹೋದ ದಿನ ಸಾಲಿಗೆ ಬೀಗ. ಯು-ಡೈಸ್ 2016-17ರ ಲೆಕ್ಕದಾಗ ದೇಶದಾಗ ಏಕೋಪಾಧ್ಯಾಯ ಸಾಲಿ 1,08,017 ಇದ್ವು, ಸರ್ಕಾರಿ ಪ್ರೈಮರಿ ಸಾಲಿಗಳಾಗ ಹತ್ತಿರ ಹತ್ತಿರ 28% ಸಾಲಿಗೆ 30ಕ್ಕಿಂತ ಕಡಿಮಿ ಮಕ್ಕಳು. ಹೊಸ ಶಿಕ್ಷಣ ನೀತಿ ಈ ಅಂಕಿ ಇಟ್ಟುಕೊಂಡೇ ಸ್ಕೂಲ್ ಕಾಂಪ್ಲೆಕ್ಸ್ (ಹತ್ತಿರದ ಸಾಲಿಗಳನ್ನ ಒಂದು ಗುಂಪು ಮಾಡೋದು) ಮಾತಾಡಿದ್ದು. ನಮ್ಮ ರಾಜ್ಯದಾಗ ಕರ್ನಾಟಕ ಪಬ್ಲಿಕ್ ಸ್ಕೂಲ್ ಅಂತ ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಡೆ ಮಾಡ್ತಿರೋದೂ ಇದೇ ಯೋಚನೆ.

ದೊಡ್ಡ ಸಾಲ್ಯಾಗ ವಿಷಯಕ್ಕೊಬ್ಬ ಮಾಸ್ತರು, ಲ್ಯಾಬು, ಆಟದ ಬಯಲು ಸಿಗೋದು ಖರೇ. ನನ್ನ ಮಾತು ಇಷ್ಟೇ: ಐದನೇತ್ತಿನ ತನಕ ಕೂಸಿಗೆ ಬೇಕಾದ್ದು ಮನಿ ಹತ್ತಿರ ಸಾಲಿ ಮತ್ತ ಕೈ ಹಿಡದು ಅಕ್ಷರ ತಿದ್ದಸೋ ಟೀಚರ್. ಎಂಟನೇತ್ತಿನಿಂದ ಮುಂದ ದೊಡ್ಡ ಸಾಲಿ ಚಲೋ, ವಾಹನ ಕೊಟ್ರ. ಎರಡಕ್ಕೂ ಒಂದೇ ಲೆಕ್ಕ ಹಾಕಿದ್ರ ಸಣ್ಣ ಮಕ್ಕಳು ಕಳೀತಾರ. ಅದೂ ಅಲ್ಲದ ನಮ್ಮ ಕಡೆ ಒಂದು ದೊಡ್ಡ ಸಾಲ್ಯಾಗ ಮಾಸ್ತರು ಪೂರ್ತಿ ಇದ್ದಾರೇನು ಅಂತ ಮೊದಲು ನೋಡ್ಬೇಕು, ಎರಡು ಖಾಲಿ ಹುದ್ದೆ ಇರೋ ಸಾಲಿಗಳನ್ನ ಕೂಡಿಸಿದ್ರ ನಾಕು ಖಾಲಿ ಹುದ್ದೆ ಇರೋ ಸಾಲಿ ಆಗತೈತಿ.

ಕಾನೂನು ಏನು ಹೇಳತೈತಿ?

ಆರ್‌ಟಿಇ ಕಾಯ್ದೆ 2009ರದು, ಜಾರಿ ಆಗಿದ್ದು 2010ರ ಏಪ್ರಿಲ್ 1. ನಮ್ಮ ರಾಜ್ಯದ 2012ರ ನಿಯಮದ ಪ್ರಕಾರ 1ರಿಂದ 5ನೇತ್ತಿಗೆ ಒಂದು ಕಿಲೋಮೀಟರ್ ಒಳಗ, 6ರಿಂದ 8ಕ್ಕ ಮೂರು ಕಿಲೋಮೀಟರ್ ಒಳಗ ಸಾಲಿ ಇರಬೇಕು. ಇರದಿದ್ರ ವಾಹನ ಇಲ್ಲಾ ವಸತಿ ವ್ಯವಸ್ಥೆ ಮಾಡಬೇಕು. ಸಮಗ್ರ ಶಿಕ್ಷಣ ಅನ್ನೋ ಕೇಂದ್ರದ ಯೋಜನೆಯಾಗ ಸಾಲಿ ದೂರ ಇರೋ ಮಗುವಿಗೆ ವರ್ಷಕ್ಕ 6,000 ರೂಪಾಯಿ ತನಕ ಸಾರಿಗೆ ಭತ್ಯೆಗೆ ಅವಕಾಶ ಐತಿ. ಭಾಳ ಮಂದಿ ಪಾಲಕರಿಗೆ ಇದು ಗೊತ್ತೇ ಇಲ್ಲ. 60 ಮಕ್ಕಳ ತನಕ ಇರೋ ಪ್ರೈಮರಿಗೆ ಇಬ್ಬರು ಮಾಸ್ತರು ಇರಬೇಕು ಅನ್ನೋದೂ ಅದೇ ಕಾಯ್ದೆ.

ಎಸ್‌ಡಿಎಂಸಿಯವರು ಏನು ಮಾಡಬಹುದು? ನಮ್ಮ ಮಾತು ಯಾರು ಕೇಳ್ತಾರ?

ಎಸ್‌ಡಿಎಂಸಿಯಾಗ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧ ಹೆಣ್ಮಕ್ಕಳು ಇರಬೇಕು, ಅದು ಕಾನೂನು. ಹಂಗಾಗಿ ನಿಮ್ಮ ಠರಾವಿಗೆ ಬೆಲಿ ಐತಿ. ಬಾಯಿ ಮಾತಿನಾಗ ಬೈದು ಬರಬ್ಯಾಡ್ರಿ, ಬರದು ಕೊಡ್ರಿ. ಮೊದಲು ಒಂದು ಹಾಳಿ ಮ್ಯಾಲೆ ಮಕ್ಕಳ ಹೆಸರು, ಮನಿಯಿಂದ ಹೊಸ ಸಾಲಿಗೆ ದೂರ, ನಡುವ ಹಳ್ಳ, ಕಾಲುವಿ, ಹೈವೇ ಏನೈತಿ, ಬಸ್ ಟೈಮ್ ಏನು ಅಂತ ಬರೀರಿ. ಮೊಬೈಲಿನಾಗ ಮ್ಯಾಪ್ ಹಾಕಿದ್ರ ಆಕಾಶದಿಂದ ನೆಟ್ಟಗ ತೋರಸತೈತಿ, ಕಾಲುವಿಗೆ ಸೇತುವಿ ಎಲ್ಲೈತಿ ಅಂತ ಅದಕ್ಕ ಗೊತ್ತಿರಂಗಿಲ್ಲ, ನಡದು ನೋಡಿ ಬರೀರಿ. ಅದರ ಕೆಳಗ ಎಷ್ಟು ವರ್ಷದಿಂದ ಯಾವ ಹುದ್ದೆ ಖಾಲಿ ಐತಿ ಅಂತ ಬರೀರಿ. ಠರಾವು ಮಾಡಿ ಎಲ್ಲಾರ ಸಹಿ ಹಾಕಿಸಿ ಬಿಇಓ ಆಫೀಸಿಗೆ ಕೊಟ್ಟು ಸ್ವೀಕೃತಿ ತಗೊಳ್ರಿ, ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ. ಉತ್ತರ ಬರಲಿಲ್ಲ ಅಂದ್ರ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಾಗ ಕೇಳ್ರಿ, 30 ದಿನದಾಗ ಉತ್ತರ ಕೊಡಬೇಕು. ಆರ್‌ಟಿಇ ಮೇಲ್ವಿಚಾರಣೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಕೆಲಸ, ಅಲ್ಲಿಗೂ ದೂರು ಕೊಡಬಹುದು.

ಮಕ್ಕಳ ಗ್ರಾಮಸಭೆ ನಡದಾಗ ಹುಡುಗ್ರನ್ನೇ ಮಾತಾಡಸ್ರಿ. ಹುಡುಗಿ ಎದ್ದು ನಿಂತು 'ನನಗ ಹಳ್ಳ ದಾಟಾಕ ಹೆದರಿಕಿ ಆಗತೈತಿ' ಅಂತ ಹೇಳಿದ್ದು ನಡಾವಳಿ ಪುಸ್ತಕದಾಗ ಬರಸ್ರಿ.

ಗುಳೆ ಹೋದ ಮಕ್ಕಳ ಹೆಸರು ತಗದು ದಾಖಲಾತಿ ಕಡಿಮಿ ತೋರಸ್ತಾರಂತಲ್ಲ?

ಗುಳೆ ಹೋಗೋ ಮುಂದ ಹೆಡ್ ಮಾಸ್ತರಿಗೆ ಹೇಳಿ ಹೋಗ್ರಿ, ಎಲ್ಲಿಗೆ, ಎಂದು ವಾಪಸ್ ಅಂತ. ಮಗುವಿನ ಸ್ಯಾಟ್ಸ್ ನಂಬರ್ ಬರಕೊಂಡು ಹೋಗ್ರಿ, ಹೋದ ಊರಿನ ಸರ್ಕಾರಿ ಸಾಲ್ಯಾಗ ಕುಂದ್ರಿಸಬಹುದು, ಟಿಸಿ ಇಲ್ಲ ಅಂತ ಸೇರಿಸಿಕೊಳ್ಳದ ಇರಂಗಿಲ್ಲ. ಅಜ್ಜ ಅಜ್ಜಿ ಹತ್ರ ಬಿಡಾಕ ಆಗದವರು ಋತುಮಾನದ ವಸತಿ ಕೇಂದ್ರ (ಗುಳೆ ಟೈಮಿಗೆ ಮಕ್ಕಳು ಉಳಕೊಳ್ಳೋ ಜಾಗ) ನಮ್ಮ ತಾಲ್ಲೂಕಿನಾಗ ಈ ವರ್ಷ ತಗದಾರೇನು ಅಂತ ಸುತ್ತಲ ಸಾಲಿಗಳನ್ನ ನೋಡಿಕೊಳ್ಳೋ ಸಿಆರ್‌ಪಿ ಸರನ್ನ ಕೇಳ್ರಿ, ತಗದಿಲ್ಲ ಅಂದ್ರ ದೀಪಾವಳಿಗೆ ಮೊದಲೇ ಅರ್ಜಿ ಹಾಕ್ರಿ. ಮಾಸ್ತರು ಕೂಡ ಹೆಸರು ತಗಿಯೋ ಅವಸರ ಮಾಡಬಾರದು, ಯುಗಾದಿಗೆ ಬರೋ ಹುಡುಗ ಅವನು.

ವಿಲೀನದ ಆದೇಶ ಆಗೇ ಬಿಟ್ಟೈತಿ. ಈಗೇನು ಮಾಡೋದು?

ಮೊದಲ ಕೆಲಸ, ಎಲ್ಲಾ ಮಕ್ಕಳ ಟಿಸಿ ಸ್ಯಾಟ್ಸ್‌ನಾಗ ಹೊಸ ಸಾಲಿಗೆ ಹೋಗೈತೇನು ಅಂತ ನೋಡ್ರಿ, ಇಲ್ಲಾಂದ್ರ ಪುಸ್ತಕ, ಸಮವಸ್ತ್ರ, ಸ್ಕಾಲರ್‌ಶಿಪ್ ಎಲ್ಲಾ ನಡುವ ನಿಲ್ತಾವ. ಸಾರಿಗೆ ಭತ್ಯೆಗೆ ಅವತ್ತೇ ಅರ್ಜಿ. ಹಳೇ ಸಾಲಿ ದಾಖಲಾತಿ ಪುಸ್ತಕ ಯಾರ ವಶಕ್ಕ ಹೋತು ಅಂತ ಬರಕೊಂಡು ಇಟ್ಟುಕೊಳ್ರಿ, ನಾಳೆ ಜಾತಿ ಪ್ರಮಾಣಪತ್ರಕ್ಕ, 371ಜೆ ಸರ್ಟಿಫಿಕೇಟಿಗೆ ಅದೇ ಬೇಕು. ಕಟ್ಟಡ ಖಾಲಿ ಬಿಟ್ರ ಕಿಟಕಿ ಬಾಗಿಲು ಉಳಿಯಂಗಿಲ್ಲ, ಅಂಗನವಾಡಿಗೋ ಗ್ರಂಥಾಲಯಕ್ಕೋ ಕೊಡ್ರಿ ಅಂತ ಪಂಚಾಯ್ತಿಯಾಗ ಕೇಳ್ರಿ. ಹೊಸ ಸಾಲಿ ಮಾಸ್ತರು ನಾವೂ ಒಂದು ಕೆಲಸ ಮಾಡಬೇಕು, ಮೊದಲ ತಿಂಗಳು ಆ ಮಕ್ಕಳನ್ನ 'ದೊಡ್ಡಿ ಹುಡುಗ್ರು' ಅಂತ ಬ್ಯಾರೆ ಸಾಲಿನಾಗ ಕುಂದ್ರಿಸಬಾರದು, ಯಾರು ಬಂದಿಲ್ಲ ಅಂತ ದಿನಾ ಹೆಸರು ಹಿಡದು ನೋಡಬೇಕು, ಒಂದು ವಾರ ಬರಲಿಲ್ಲ ಅಂದ್ರ ಮನಿಗೆ ಹೋಗಬೇಕು. 14ರೊಳಗಿನ ಮಗು ಕೂಲಿಗೆ ಹೊಂಟಿದ್ರ, ಇಲ್ಲಾ ಬಾಲ್ಯವಿವಾಹದ ಮಾತು ನಡದಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡ್ರಿ.